ಅಕ್ವೇರಿಯಂ ಮೀನುಗಳಿಗೆ ಕಾಯಿಲೆ ಬಂದಾಗ

ಮಕ್ಕಳ ಹಟಕ್ಕೆ ಮಣಿದು ಗಾಜಿನ ತೊಟ್ಟಿಯನ್ನೂ ನಾಲ್ಕು ಗೋಲ್ಡ್‌ಫಿಶ್‌ಗಳನ್ನೂ ತರುತ್ತೇವೆ. ವಾರ ಕಳೆಯುವಷ್ಟರಲ್ಲಿ ಮೀನುಗಳು ಒಂದೊಂದಾಗಿ ಸಾಯತೊಡಗಿದರೆ ಅಂಗಡಿಯವನನ್ನು ಬೈಯುತ್ತೇವೆ. ಆದರೆ ಹೆಚ್ಚಿನ ಸಂದರ್ಭಗಳಲ್ಲಿ ತೊಂದರೆ ಶುರುವಾಗುವುದು ನೀರಿನಿಂದಲೇ.

ಮೀನಿನ ವಿಸರ್ಜನೆ ಮತ್ತು ತಿನ್ನದೆ ಉಳಿದ ಆಹಾರದಿಂದ ಅಮೋನಿಯಾ ಉಂಟಾಗುತ್ತದೆ. ಅದನ್ನು ಅರಗಿಸುವ ಬ್ಯಾಕ್ಟೀರಿಯಾಗಳು ಹೊಸ ತೊಟ್ಟಿಯಲ್ಲಿ ನೆಲೆಯೂರಲು ಸುಮಾರು 4ರಿಂದ 6 ವಾರ ಬೇಕು. ಅಲ್ಲಿಯವರೆಗೆ ಮೀನೂ ಕಡಿಮೆಯಿರಲಿ, ಆಹಾರವೂ ಕಡಿಮೆಯಿರಲಿ. ಮೀನು ಮೇಲಕ್ಕೆ ಬಂದು ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ಔಷಧಿ ಹುಡುಕುವ ಮೊದಲು ಕಾಲು ಭಾಗ ನೀರು ಬದಲಿಸಿ. ನಲ್ಲಿ ನೀರಿನ ಕ್ಲೋರಿನ್ ಕಿವಿರುಗಳಿಗೆ ವಿಷ. ಒಂದು ದಿನ ಬಕೆಟ್‌ನಲ್ಲಿ ತೆರೆದಿಟ್ಟು ಬಳಸಿ. ತುರ್ತಿಗೆ ಕ್ಲೋರಿನ್ ನಿವಾರಕ ದ್ರಾವಣ ಸಿಗುತ್ತದೆ. ಫಿಲ್ಟರಿನ ಸ್ಪಂಜನ್ನು ನಲ್ಲಿಯಡಿ ಉಜ್ಜಿ ಬೆಳ್ಳಗಾಗಿಸುವ ಉತ್ಸಾಹ ಮಾತ್ರ ಬೇಡ. ಉಪಕಾರಿ ಬ್ಯಾಕ್ಟೀರಿಯಾಗಳು ಇರುವುದೇ ಅಲ್ಲಿ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಗುರವಾಗಿ ಜಾಲಾಡಿಸಿದರೆ ಸಾಕು.

ಮೈಮೇಲೆ ಉಪ್ಪು ಉದುರಿಸಿದಂತೆ ಬಿಳಿ ಚುಕ್ಕೆಗಳು ಕಂಡು, ಮೀನು ಕಲ್ಲಿಗೆ ಮೈ ಉಜ್ಜುತ್ತಿದ್ದರೆ ಅದು ಬಹುತೇಕ 'ಇಕ್' ಎಂಬ ಪರೋಪಜೀವಿಯ ಹಾವಳಿ. ಚರ್ಮದೊಳಗಿರುವಾಗ ಇದಕ್ಕೆ ಔಷಧಿ ತಟ್ಟದು. ಬೆಳೆದು, ಕಳಚಿ ತಳಕ್ಕೆ ಬಿದ್ದು, ಒಂದು ನೂರಾರಾಗಿ ಒಡೆದು, ಮತ್ತೆ ಮೀನನ್ನು ಹುಡುಕುತ್ತಾ ಈಜುವಾಗಲಷ್ಟೇ ಸಾಯುತ್ತದೆ. ಚುಕ್ಕೆ ಮಾಯವಾಯಿತೆಂದು ಎರಡೇ ದಿನಕ್ಕೆ ಔಷಧಿ ನಿಲ್ಲಿಸಿದರೆ ರೋಗ ಮರುಕಳಿಸುವುದು ಇದರಿಂದಲೇ. ಪೊಟ್ಟಣದ ಮೇಲೆ ಹೇಳಿದಷ್ಟು ದಿನವೂ ಹಾಕಿ.

ರೋಗ ಸಾಮಾನ್ಯವಾಗಿ ಬರುವುದು ಹೊಸ ಮೀನಿನ ಜೊತೆ. ಅದನ್ನು ಎರಡು–ಮೂರು ವಾರ ಬೇರೆ ತೊಟ್ಟಿಯಲ್ಲಿಟ್ಟು ಗಮನಿಸಿ, ಆಮೇಲೆ ಸೇರಿಸಿ. ಅಂಗಡಿಯ ಚೀಲದ ನೀರನ್ನಂತೂ ತೊಟ್ಟಿಗೆ ಸುರಿಯಲೇಬೇಡಿ.