ಎಡಗಾಲಿಗೆ ಗೊತ್ತಿರುವ ಒಂದು ಮಿಲಿಮೀಟರ್

ಒಂದು ಮಿಲಿಮೀಟರ್. ಹೆಚ್ಚೆಂದರೆ ಎರಡು! ಹೊಸ ಕಾರು ಗಕ್ಕನೆ ಮುಗ್ಗರಿಸಿ ಆಫ್ ಆಗುವುದಕ್ಕೂ ಒಳಗೆ ಕೂತವರಿಗೆ ಗೊತ್ತೇ ಆಗದಷ್ಟು ನಯವಾಗಿ ಹೊರಡುವುದಕ್ಕೂ ನಡುವಿನ ವ್ಯತ್ಯಾಸವೆಲ್ಲ ಅಷ್ಟರೊಳಗೇ ಇದೆ. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಕತ್ತಲಲ್ಲಿ ಲೋಹದ ತಟ್ಟೆಯೊಂದು ಅಷ್ಟೇ ಅಷ್ಟು ಹಿಂದೆ ಸರಿಯುತ್ತದೆ, ಅಷ್ಟೇ ಅಷ್ಟು ಮುಂದೆ ಬರುತ್ತದೆ. ಆ ತಟ್ಟೆಯನ್ನು ನಾವು ನೋಡಿಲ್ಲ, ಮುಟ್ಟಿಲ್ಲ. ಆದರೂ ಅದನ್ನು ಸರಿಸುತ್ತಿರುವವರು ನಾವೇ. ಅದೂ ಯಾವುದರಿಂದ? ಚಪ್ಪಲಿ ತೊಟ್ಟ ಎಡಗಾಲಿನಿಂದ!

ಹೊಸ ಮ್ಯಾನುಯಲ್ ಕಾರು ತಂದವರೆಲ್ಲ ಒಮ್ಮೆಯಾದರೂ ಹೇಳುವ ಮಾತು: “ಕ್ಲಚ್ ತುಂಬಾ ಸೆನ್ಸಿಟಿವ್ ಕಣ್ರೀ, ಸ್ವಲ್ಪ ಬಿಟ್ಟರೆ ಸಾಕು ಎಗರುತ್ತೆ.” ದೇವಸ್ಥಾನದ ಮುಂದೆ ಪೂಜೆ ಮುಗಿದು, ಚಕ್ರದಡಿ ಇಟ್ಟ ನಿಂಬೆಹಣ್ಣುಗಳ ಮೇಲೆ ಗಾಡಿ ಹತ್ತಿಸುವ ಹೊತ್ತಿಗೇ ಮೊದಲ ಜರ್ಕ್ ಬಂದಿರುತ್ತದೆ. ವರ್ಷಗಟ್ಟಲೆ ಗಾಡಿ ಓಡಿಸಿದವರಿಗೂ ಬರುತ್ತದೆ. ಹಳೆಯ ಕಾರನ್ನು ಸಲೀಸಾಗಿ ಏರಿಳಿಸಿದ ಅದೇ ಕಾಲು ಇಲ್ಲೇಕೆ ತಡವರಿಸುತ್ತದೆ? ಈ ಪ್ರಶ್ನೆಯ ಬೆನ್ನು ಹತ್ತಿದರೆ ಕಾರಿನ ಹೊಟ್ಟೆಯೊಳಗೂ ನಮ್ಮ ತಲೆಯೊಳಗೂ ಎಂಥೆಂಥ ಬೆರಗುಗಳು ಕಾದಿವೆ ನೋಡಿ!

ಮೊದಲು ಕಾರಿನ ಹೊಟ್ಟೆಗೆ ಇಳಿಯೋಣ.

ಎಂಜಿನ್ ಸುಮ್ಮನೆ ಗುರುಗುಡುತ್ತ ನಿಂತಿರುವಾಗಲೂ ಅದರ ಫ್ಲೈವೀಲ್ ನಿಮಿಷಕ್ಕೆ ಸುಮಾರು 800 ಸುತ್ತು, ಅಂದರೆ ಸೆಕೆಂಡಿಗೆ 13ಕ್ಕೂ ಹೆಚ್ಚು ಸುತ್ತು ತಿರುಗುತ್ತಿರುತ್ತದೆ. ಅದರ ಎದುರಿಗೇ, ಫಸ್ಟ್ ಗೇರ್ ಹಾಕಿದ ಗೇರ್‌ಬಾಕ್ಸ್ ಚಕ್ರಗಳ ಜೊತೆ ಕದಲದೆ ನಿಂತಿರುತ್ತದೆ. ತಿರುಗುವುದನ್ನೂ ನಿಂತಿರುವುದನ್ನೂ ಒಂದಕ್ಕೊಂದು ಪೆಟ್ಟಾಗದಂತೆ ಕೂಡಿಸಬೇಕು. ಆ ಕೆಲಸ ಕ್ಲಚ್ ಪ್ಲೇಟಿನದು. ಸಣ್ಣ ಕಾರುಗಳಲ್ಲಿ 20 ಸೆಂಟಿಮೀಟರ್ ಆಸುಪಾಸಿನ ಅಗಲ, ಎರಡೂ ಮೈಗೆ ಘರ್ಷಣೆಯ ಲೈನಿಂಗ್. ಪ್ರೆಷರ್ ಪ್ಲೇಟ್ ಅದನ್ನು ಫ್ಲೈವೀಲಿಗೆ ಒತ್ತಿ ಹಿಡಿಯುವ ಬಲ ಸುಮಾರು 400 ಕಿಲೋ ಭಾರಕ್ಕೆ ಸಮ! ನಾವು ಪೆಡಲನ್ನು ಹನ್ನೆರಡು ಹದಿನಾಲ್ಕು ಸೆಂಟಿಮೀಟರ್ ತುಳಿದಾಗ ಸನ್ನೆಗಳ ಸರಮಾಲೆಯೇ ಕೆಲಸ ಮಾಡಿ, ಕೊನೆಗೆ ಆ ಪ್ರೆಷರ್ ಪ್ಲೇಟ್ ಒಂದೆರಡು ಮಿಲಿಮೀಟರ್ ಹಿಂದೆ ಸರಿಯುತ್ತದೆ. ನಮ್ಮವರು ‘ಹಾಫ್ ಕ್ಲಚ್’ ಎನ್ನುವ ಜಾಗ, ಅಂದರೆ ಪ್ಲೇಟ್ ಪೂರ್ತಿ ಹಿಡಿಯದೆ ಪೂರ್ತಿ ಬಿಡದೆ ಜಾರುತ್ತಿರುವ ಜಾಗ, ಪೆಡಲಿನ ಅಷ್ಟುದ್ದದ ದಾರಿಯಲ್ಲಿ ಕೆಲವೇ ಸೆಂಟಿಮೀಟರುಗಳದ್ದು.

ಪ್ಲೇಟಿನ ಆ ಎರಡು ಲೈನಿಂಗ್‌ಗಳ ನಡುವೆ ಇನ್ನೊಂದು ಗುಟ್ಟಿದೆ. ಅಲೆಅಲೆಯಾಗಿ ಬಾಗಿಸಿದ ತೆಳು ಉಕ್ಕಿನ ಸ್ಪ್ರಿಂಗ್ ಪಟ್ಟಿಗಳು! ಒತ್ತಡ ಏರಿದಂತೆ ಆ ಅಲೆಗಳು ಒಂದಿಷ್ಟೊಂದಿಷ್ಟೇ ಚಪ್ಪಟೆಯಾಗುತ್ತವೆ, ಹಿಡಿತ ಮೆಲ್ಲಮೆಲ್ಲನೆ ಬಿಗಿಯುತ್ತದೆ. ಒಂದು ಕಾರಿನ ಕ್ಲಚ್ ಮೃದು, ಇನ್ನೊಂದರದು ಚುರುಕು ಅನ್ನಿಸುವುದರಲ್ಲಿ ಈ ಪಟ್ಟಿಗಳ ಕೈವಾಡ ದೊಡ್ಡದು.

ಪ್ರೆಷರ್ ಪ್ಲೇಟಿಗೆ ಆ 400 ಕಿಲೋ ಬಲ ಕೊಡುವ ಸ್ಪ್ರಿಂಗಿನ ಕಥೆ ಇನ್ನೂ ವಿಚಿತ್ರ. ಫ್ರಾನ್ಸಿನ ಬೆಲ್‌ವಿಲ್ 1867ರಲ್ಲಿ ಪೇಟೆಂಟ್ ಪಡೆದ ಬಟ್ಟಲಾಕಾರದ ಸ್ಪ್ರಿಂಗಿನ ಸಂತಾನ ಅದು. ಸಾಮಾನ್ಯ ಸ್ಪ್ರಿಂಗನ್ನು ಒತ್ತಿದಷ್ಟೂ ಅದು ಬಿಗಿಯಾಗುತ್ತದೆ. ಇದು ಹಾಗಲ್ಲ, ಒಂದು ಹಂತದವರೆಗೆ ಬಿಗಿಯಾಗಿ ಆಮೇಲೆ ಸಡಿಲವಾಗುತ್ತದೆ! ಟ್ರಾಫಿಕ್ಕಿನಲ್ಲಿ ಪೆಡಲನ್ನು ತಳದವರೆಗೆ ಒತ್ತಿ ಹಿಡಿದಾಗ ಕಾಲು ಸೋಲದಿರುವುದು ಇದರ ಉಪಕಾರ. ಆದರೆ ಕಾಲಿನ ಪಾಲಿಗೆ ಇದೇ ಒಗಟು. ಪೆಡಲ್ ಎಷ್ಟು ಬಲವಾಗಿ ತಳ್ಳುತ್ತಿದೆ ಎಂಬುದೊಂದರಿಂದಲೇ ಪ್ಲೇಟ್ ಎಲ್ಲಿದೆ ಎಂದು ಹೇಳಲಾಗದು. ಪಾದ ತಾನು ಎಷ್ಟು ಎತ್ತರದಲ್ಲಿದ್ದೇನೆ ಎಂಬುದನ್ನೂ ಅರಿತಿರಬೇಕು.

ಹಾಫ್ ಕ್ಲಚ್ಚಿನ ಆ ಜಾರುವಿಕೆಯಲ್ಲಿ ಪ್ರಕೃತಿಯ ಒಂದು ಅಚ್ಚುಕಟ್ಟು ಲೆಕ್ಕ ಅಡಗಿದೆ. 1,100 ಕಿಲೋ ತೂಗುವ ಕಾರು ಸಮತಟ್ಟು ರಸ್ತೆಯಲ್ಲಿ ನಿಂತಲ್ಲಿಂದ ಹೊರಟು ಗಂಟೆಗೆ 6 ಕಿಲೋಮೀಟರ್ ವೇಗಕ್ಕೆ ಬಂತೆನ್ನಿ. ಅದು ಗಳಿಸಿದ ಶಕ್ತಿ ಸುಮಾರು 1,500 ಜೂಲ್, ಅಂದರೆ 15 ಲೀಟರಿನ ತುಂಬಿದ ಬಕೆಟನ್ನು 10 ಮೀಟರ್ ಆಳದ ಬಾವಿಯಿಂದ ಸೇದಿದಷ್ಟು. ಎಂಜಿನ್ನಿನ ಸುತ್ತು ಬದಲಾಗದೆ ಉಳಿದರೆ, ಸರಿಸುಮಾರು ಅಷ್ಟೇ ಶಕ್ತಿ ಕ್ಲಚ್ಚಿನಲ್ಲಿ ಶಾಖವಾಗಿ ಹೋಗುತ್ತದೆ. ಪೆಡಲನ್ನು ಬೇಗ ಬಿಡಿ, ನಿಧಾನ ಬಿಡಿ, ಆ ಸಮಪಾಲು ತಪ್ಪುವುದಿಲ್ಲ! ಹಾಗಾದರೆ ಜಾಣಗಾಲು ಉಳಿಸುವುದೇನನ್ನು? ಬೇಡದ ಆಕ್ಸಿಲರೇಟರನ್ನು. ಎಂಜಿನ್ ರೇಸ್ ಮಾಡಿದಷ್ಟೂ ಶಾಖ ಏರುತ್ತದೆ. ಕಡಿಮೆ ಸುತ್ತಿನಲ್ಲೇ ಗಾಡಿ ಹೊರಡಿಸುವ ಕಾಲು ಕ್ಲಚ್ಚಿನ ಆಯುಸ್ಸನ್ನೇ ಹೆಚ್ಚಿಸುತ್ತದೆ.

ಗಕ್ಕನೆ ಎಗರಿಸುವ ಕ್ಲಚ್ಚಿನ ಈ ಮುನಿಸು ಇವತ್ತಿನದೇನೂ ಅಲ್ಲ. ಕಾರುಗಳ ಮೊದಲ ದಶಕಗಳಲ್ಲಿ ಕ್ಲಚ್ ಶಂಕುವಿನಾಕಾರದಲ್ಲಿದ್ದು, ಅದಕ್ಕೆ ಚರ್ಮ ಹೊದಿಸಿರುತ್ತಿತ್ತು. ಚರ್ಮ ಒಣಗಿದರೆ ಗಬಕ್ಕನೆ ಕಚ್ಚುತ್ತಿತ್ತು, ಅದಕ್ಕೆ ಎಣ್ಣೆ ಉಣಿಸಿ ಮೆದುವಾಗಿ ಇಡಬೇಕಿತ್ತು. ಇಂದು ಕಾರಣಗಳು ಬೇರೆ. ಹಳೆಯ ಕಾರಿನಲ್ಲಿ ಕ್ಲಚ್ ಕೇಬಲ್ ಇದ್ದು ಹೊಸದರಲ್ಲಿ ಹೈಡ್ರಾಲಿಕ್ ಇರಬಹುದು. ಆಗ ಪ್ಲೇಟಿನ ನಡುಕ ಪಾದಕ್ಕೆ ಅಷ್ಟು ತಲುಪುವುದಿಲ್ಲ. ಸವೆದ ಕ್ಲಚ್ ಪೆಡಲಿನ ತುದಿಯಲ್ಲಿ ಹಿಡಿಯುತ್ತಿದ್ದರೆ ಹೊಸದು ಕೆಳಗೇ ಹಿಡಿಯಬಹುದು. ಸಣ್ಣ ಟರ್ಬೊ ಪೆಟ್ರೋಲ್ ಎಂಜಿನ್‌ಗಳಿಗೆ ತೀರಾ ಕಡಿಮೆ ಸುತ್ತಿನಲ್ಲಿ ಬಲ ಸಾಲದು, ಕೊಂಚ ಮೇಲೇರಿದೊಡನೆ ಬಲ ಒಮ್ಮೆಲೇ ನುಗ್ಗಿ ಬರುತ್ತದೆ. ಹಳೆಯ ಕಾಲಿಗೆ ಹಳೆಯ ಗುರುತುಗಳೆಲ್ಲ ಒಟ್ಟಿಗೇ ತಪ್ಪಿಹೋಗಿವೆ!

ಈಗ ತಲೆಯೊಳಕ್ಕೆ ಬನ್ನಿ. ನಿಜವಾದ ಬೆರಗು ಇರುವುದು ಇಲ್ಲಿ.

ಕಣ್ಣು ಮುಚ್ಚಿದರೂ ನಮ್ಮ ಪಾದ ಎಲ್ಲಿದೆಯೆಂದು ನಮಗೆ ಗೊತ್ತಾಗುತ್ತದಲ್ಲ, ಅದು ಹೇಗೆ? ಸ್ನಾಯುಗಳ ಒಳಗೇ ಹುದುಗಿರುವ ಪುಟ್ಟ ಸಂವೇದಕಗಳು ಸ್ನಾಯು ಎಷ್ಟು ಹಿಗ್ಗಿದೆ, ಎಷ್ಟು ವೇಗವಾಗಿ ಹಿಗ್ಗುತ್ತಿದೆ ಎಂದು ಎಡೆಬಿಡದೆ ಸುದ್ದಿ ಕಳಿಸುತ್ತಿರುತ್ತವೆ. ಬ್ರಿಟನ್ನಿನ ಚಾರ್ಲ್ಸ್ ಶೆರಿಂಗ್ಟನ್ 1906ರಲ್ಲಿ ವಿವರಿಸಿದ ದೇಹದ ಈ ಒಳಅರಿವೇ ಕ್ಲಚ್ ಪೆಡಲಿನ ಮೇಲೆ ನಮಗೆ ಕಣ್ಣು. ಆ ಸುದ್ದಿಯ ದೊಡ್ಡ ಪಾಲು ತಲುಪುವುದು ತಲೆಯ ಹಿಂಬದಿಯ ಕಿರುಮೆದುಳಿಗೆ. ಮೆದುಳಿನ ತೂಕದಲ್ಲಿ ಅದರ ಪಾಲು ಹತ್ತರಲ್ಲೊಂದು. ಆದರೆ ಒಟ್ಟು ಸುಮಾರು 8,600 ಕೋಟಿ ನರಕೋಶಗಳಲ್ಲಿ 6,900 ಕೋಟಿಯಷ್ಟು ಅಲ್ಲೇ ತುಂಬಿವೆ!

ಅಷ್ಟೊಂದು ಏಕೆ ಬೇಕು? ಕ್ಲಚ್ ಹಿಡಿದು ಗಾಡಿ ಎಗರಿ, ಆ ಜರ್ಕ್ ಮೈಗೆ ಗೊತ್ತಾಗಿ, ಕಾಲು ತಿದ್ದಿಕೊಳ್ಳುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಆದ್ದರಿಂದ ಮುಂದೇನಾಗುತ್ತದೆಂದು ಮೆದುಳು ಮೊದಲೇ ಊಹಿಸಬೇಕು. ಹಳೆಯ ಕಾರಿನ ಇಡೀ ನಕ್ಷೆ ಅದರೊಳಗೆ ಅಚ್ಚಾಗಿರುತ್ತದೆ: ಇಲ್ಲಿ ಹಿಡಿಯುತ್ತದೆ, ಇಷ್ಟು ಬಿಟ್ಟರೆ ಇಷ್ಟು ಎಳೆಯುತ್ತದೆ. ಹೊಸ ಕಾರಿನಲ್ಲಿ ಕೂತಾಗಲೂ ಕಾಲು ಹಳೆಯ ಕಾರನ್ನೇ ಓಡಿಸುತ್ತಿರುತ್ತದೆ!

ಇದು ಕೇವಲ ಊಹೆಯಲ್ಲ. ಅಮೆರಿಕದಲ್ಲಿ ರೇಜಾ ಶಾದ್‌ಮೆಹ್ರ್ ಮತ್ತು ಫರ್ಡಿನಾಂಡೊ ಮುಸ್ಸಾ-ಇವಾಲ್ಡಿ 1994ರಲ್ಲಿ ಪ್ರಕಟಿಸಿದ ಪ್ರಯೋಗ ನೋಡಿ. ಯಂತ್ರದ ತೋಳಿನ ಹಿಡಿಯನ್ನು ಹಿಡಿದು ನೇರ ಗೆರೆಯಲ್ಲಿ ಚಾಚಬೇಕು. ಯಂತ್ರ ಕೈಯನ್ನು ಪಕ್ಕಕ್ಕೆ ತಳ್ಳುತ್ತದೆ. ಮೊದಮೊದಲು ಗೆರೆ ಸೊಟ್ಟಗಾಯಿತು. ಮಾಡುತ್ತ ಮಾಡುತ್ತ ಮತ್ತೆ ನೇರವಾಯಿತು. ಆಮೇಲೆ ಸದ್ದಿಲ್ಲದೆ ತಳ್ಳುವ ಬಲವನ್ನು ತೆಗೆದುಬಿಟ್ಟರು. ಆಗ ಗೆರೆ ಎದುರು ದಿಕ್ಕಿಗೆ ಸೊಟ್ಟಗಾಯಿತು! ಕೈ ಬರೀ ಬಿಗಿಹಿಡಿದು ಗೆದ್ದಿರಲಿಲ್ಲ, ಹೊಸ ಲೋಕದ ನಿಯಮವನ್ನೇ ಕಲಿತುಬಿಟ್ಟಿತ್ತು. ಹೊಸ ಕಾರಿಗೆ ಒಗ್ಗಿದವರು ಹಳೆಯದನ್ನು ಹತ್ತಿದಾಗ ಅದರಲ್ಲೂ ಎಡವುತ್ತಾರಲ್ಲ, ಅದೂ ಇದೇ ಬಗೆಯದು. ಕಾಲು ಕಲಿತಿದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೆ?

ಇನ್ನೂ ಒಂದಿದೆ. ಹೆನ್ರಿ ಮೊಲೈಸನ್ ಎಂಬವರಿಗೆ 1953ರ ಮೆದುಳಿನ ಶಸ್ತ್ರಚಿಕಿತ್ಸೆಯ ನಂತರ ಹೊಸದೇನೂ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ಕನ್ನಡಿಯಲ್ಲಿ ಮಾತ್ರ ನೋಡಿಕೊಂಡು ನಕ್ಷತ್ರದ ಗೆರೆ ತಿದ್ದುವುದನ್ನು ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್ ಮೊಲೈಸನ್‌ರಿಂದ ಮಾಡಿಸಿದರು. ದಿನದಿಂದ ದಿನಕ್ಕೆ ಅವರ ಕೈ ಪಳಗಿತು. ಆದರೆ ಹಿಂದೆ ಅದನ್ನು ಮಾಡಿದ್ದೇ ಅವರಿಗೆ ನೆನಪಿರಲಿಲ್ಲ! ಮೈಯ ಕಲಿಕೆಗೆ ಅದರದೇ ದಾರಿಯಿದೆ. ಕ್ಲಚ್ ಬಿಡುವುದನ್ನು ಮಾತಿನಲ್ಲಿ ಹೇಳಿಕೊಡುವುದು ಅಷ್ಟು ಕಷ್ಟವಾಗುವುದೂ ಅದಕ್ಕೇ.

ಹಾಗಾದರೆ ಕಾಲಿಗೆ ಪಾಠ ಹೇಗೆ ಸಿಗಬೇಕು? ಊರಂಚಿನ, ಇನ್ನೂ ಮನೆ ಏಳದ ಲೇಔಟಿನ ಸಮತಟ್ಟು ರಸ್ತೆ ಸಾಕು. ಪೆಡಲ್ ಪೂರ್ತಿ ತುಳಿದಾಗಲೂ ಮಂಡಿ ಕೊಂಚ ಬಾಗಿರುವಂತೆ ಸೀಟು ಸರಿಸಿಕೊಳ್ಳಿ. ತೆಳು ಅಡಿಯ, ಕಾಲಿಗೆ ಭದ್ರವಾಗಿ ಕೂರುವ ಒಂದೇ ಜೋಡಿ ಪಾದರಕ್ಷೆ ತೊಡಿ. ಫಸ್ಟ್ ಗೇರ್ ಹಾಕಿ, ಆಕ್ಸಿಲರೇಟರ್ ಮುಟ್ಟದೆ, ಎಡಗಾಲನ್ನು ಮೆಲ್ಲಗೆ ಎತ್ತಿ. ಎಂಜಿನ್ ದನಿ ಒಂದಿಷ್ಟು ಇಳಿಯುತ್ತದೆ, ಗಾಡಿ ಮೈಮುರಿಯುತ್ತದೆ. ಅಲ್ಲೇ ನಿಲ್ಲಿ! ಎಂಜಿನ್ ಆಫ್ ಆಗದಂತೆ ಇಂದಿನ ಕಾರಿನ ಕಂಪ್ಯೂಟರ್ ತಾನೇ ಇಂಧನ ಹೆಚ್ಚಿಸುತ್ತದೆ, ಚಕ್ರಗಳು ಉರುಳುತ್ತವೆ. ಮತ್ತೆ ಒತ್ತಿ, ನಿಲ್ಲಿಸಿ, ಮತ್ತೆ ಬಿಡಿ. ಹಿಡಿತದ ಜಾಗಕ್ಕೆ ಬರುವವರೆಗೆ ಕಾಲು ಬೇಗ ಏರಬಹುದು. ಆ ಜಾಗದಲ್ಲಿ ಅರೆಕ್ಷಣ ತಡೆಯಬೇಕು. ದಾಟಿದ ಮೇಲೆ ಆರಾಮ. ಅದು ಒಗ್ಗಿದ ಮೇಲೆ ಬಲಗಾಲನ್ನು ಸೇರಿಸಿಕೊಳ್ಳಿ, ಆಮೇಲೆ ಹ್ಯಾಂಡ್‌ಬ್ರೇಕ್ ಹಿಡಿದು ಏರು ರಸ್ತೆ, ಕೊನೆಗೆ ಆಗುಂಬೆ, ಚಾರ್ಮಾಡಿ. ಏರಿನಲ್ಲಿ ಹಾಫ್ ಕ್ಲಚ್ಚಿನಲ್ಲೇ ಗಾಡಿಯನ್ನು ನಿಲ್ಲಿಸಿಕೊಳ್ಳಬೇಡಿ, ಪ್ಲೇಟ್ ಸುಡುತ್ತದೆ. ಒಗ್ಗಿಕೊಂಡ ಮೇಲೂ ಗಾಡಿ ಗಡಗಡ ನಡುಗಿದರೆ, ಸುಟ್ಟ ವಾಸನೆ ಬಂದರೆ, ಅದು ಕಾಲಿನ ವಿಷಯವಲ್ಲ, ಮೆಕ್ಯಾನಿಕ್ಕಿಗೆ ತೋರಿಸಿ.

ಪಕ್ಕದ ಸೀಟಿನಲ್ಲಿ ಕೂತವರಿಗೆ ಒಂದು ಮಾತು. ಹೆಬ್ಬಾಳದ ಸಿಗ್ನಲ್ಲಿನಲ್ಲಿ ಗಾಡಿ ಎಗರಿದಾಗ “ನಿಧಾನ ಬಿಡೋ, ನಿಧಾನ!” ಎಂದು ಕೂಗುವ ಅಪ್ಪಂದಿರೇ, ಅಣ್ಣಂದಿರೇ, ಆ ಒಂದೊಂದು ಜರ್ಕೂ ಕಿರುಮೆದುಳಿಗೆ ಸೇರುತ್ತಿರುವ ಪಾಠ. ಅದು ನಕ್ಷೆ ತಿದ್ದಿಕೊಳ್ಳುವುದು ಮುಖ್ಯವಾಗಿ ಇಂಥ ತಪ್ಪುಗಳಿಂದಲೇ. 400 ಕಿಲೋ ಬಲವನ್ನು ಮಿಲಿಮೀಟರ್ ಲೆಕ್ಕದಲ್ಲಿ, ನೋಡದೆಯೇ, ಮಾತಾಡುತ್ತಲೇ ಬಿಡಿಸಿ ಕಟ್ಟುವ ವಿದ್ಯೆಯನ್ನು ಎಲ್ಲರ ಕಾಲೂ ಕಲಿಯಬಲ್ಲದು. ಅದಕ್ಕೆ ಬೇಕಾದದ್ದು ಒಂದಿಷ್ಟು ಸಮಯ, ಒಂದು ಖಾಲಿ ರಸ್ತೆ, ಮತ್ತು ಬೈಯದೆ ಜೊತೆಗೆ ಕೂರುವ ಒಬ್ಬರು!