ಪರವಾನಗಿಯ ಅಮಾನತು ಮತ್ತು ಮೂವತ್ತು ದಿನಗಳು

ಸಾಂಗ್ಲಿವಾಡಿಯ ನಮ್ಮ ಮನೆಗೆ ಇತ್ತೀಚೆಗೆ ಹಳೆಯ ವಿದ್ಯಾರ್ಥಿಯೊಬ್ಬನು ಬಂದು, ನಾಲ್ಕು ಮಡಿಕೆಯ ಕಾಗದವೊಂದನ್ನು ಮುಂದಿಟ್ಟು, "ಗುರುಗಳ, ಮರಾಠ್ಯಾಗ ಏನ ಬರದಾರ, ಓದಿ ಹೇಳ್ರಿ" ಎಂದನು. ಸಾಂಗ್ಲಿಯ ಪೇಟೆಯಿಂದ ಅರಿಸಿನದ ಚೀಲಗಳನ್ನು ಟೆಂಪೋದಲ್ಲಿ ಸಾಗಿಸಿ ಐವರ ಸಂಸಾರವನ್ನು ಸಾಕುವವನು ಆತ. ಮದ್ಯ ಸೇವಿಸಿ ವಾಹನ ನಡೆಸಿದನೆಂಬ ಆರೋಪದ ಮೇಲೆ ಅವನ ಚಾಲನಾ ಪರವಾನಗಿಯನ್ನು ಮೂರು ತಿಂಗಳು ಅಮಾನತುಗೊಳಿಸಿದ ಆದೇಶವದು. ಕೈಸೇರಿ ಇಪ್ಪತ್ತೆರಡು ದಿನಗಳಾಗಿದ್ದವು. ಓದಲು ಬಾರದ ಕಾಗದವೆಂದು ಅಷ್ಟೂ ದಿನ ಅದು ದೇವರ ಪಟದ ಹಿಂದೆ ಕುಳಿತಿತ್ತು!

"ಕುಡಿದಿದ್ದೆಯೇನು?" ಎಂದು ಕೇಳಿದೆವು. "ಸ್ವಲ್ಪರಿ" ಎಂದು ತಲೆ ತಗ್ಗಿಸಿದನು.

ಆ 'ಸ್ವಲ್ಪ'ಕ್ಕೆ ಕಾನೂನಿನಲ್ಲಿ ಅಳತೆಯುಂಟು. 1988ರ ಮೋಟಾರು ವಾಹನ ಕಾಯ್ದೆಯ 185ನೆಯ ಕಲಮಿನ ಪ್ರಕಾರ 100 ಮಿಲಿಲೀಟರು ರಕ್ತದಲ್ಲಿ ಮದ್ಯಸಾರವು 30 ಮಿಲಿಗ್ರಾಮನ್ನು ಮೀರಿದರೆ ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೆ ಆರು ತಿಂಗಳವರೆಗಿನ ಸೆರೆ, ಇಲ್ಲವೆ 10,000 ರೂಪಾಯಿ ದಂಡ, ಇಲ್ಲವೆ ಎರಡೂ. ಬಂಧಿಸಿದರೆ ಎರಡು ಗಂಟೆಯೊಳಗೆ ವೈದ್ಯಕೀಯ ಪರೀಕ್ಷೆಯಾಗಬೇಕು. ಬಾಯಿಯ ವಾಸನೆ, ತೂರಾಡುವ ನಡಿಗೆ, ತೊದಲುವ ಮಾತು ಇಷ್ಟರಿಂದಲೇ ಅಮಲಿನಲ್ಲಿದ್ದನೆಂದು ನಿರ್ಣಯಿಸಲಾಗದೆಂದು ಮಹಾರಾಷ್ಟ್ರದ್ದೇ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1971ರಲ್ಲಿ ಹೇಳಿದೆ. ಆದುದರಿಂದ ಉಸಿರು ಪರೀಕ್ಷಾ ಯಂತ್ರದ ಚೀಟಿ, ರಕ್ತಪರೀಕ್ಷೆಯ ವರದಿ, ಅವುಗಳ ಮೇಲಿನ ವೇಳೆ, ಇವನ್ನು ಮೊದಲು ಕೇಳಿ ಪಡೆಯಬೇಕು.

ಆದರೆ ನ್ಯಾಯಾಲಯದ ಶಿಕ್ಷೆ ಬೇರೆ, ಪರವಾನಗಿಯ ಅಮಾನತು ಬೇರೆ. ನಮ್ಮ ಜನ ಎರಡನ್ನೂ ಒಂದೇ ಎಂದು ತಿಳಿದು ಮೋಸಹೋಗುತ್ತಾರೆ. ಪೊಲೀಸರು ಪರವಾನಗಿಯನ್ನು ವಶಪಡಿಸಿಕೊಂಡು, ತಾತ್ಕಾಲಿಕ ರಸೀದಿ ಕೊಟ್ಟು, ಪರವಾನಗಿ ಪ್ರಾಧಿಕಾರಕ್ಕೆ ಕಳುಹಿಸಬಹುದು. (ಆ ರಸೀದಿಯ ಬಲದ ಮೇಲೆ ಗಾಡಿ ಓಡಿಸುವಂತಿಲ್ಲ.) ಅಮಾನತು ಮಾಡುವ ಅಧಿಕಾರ ಪೊಲೀಸರಿಗಿಲ್ಲವೆಂದು ಕಲಕತ್ತಾ ಹೈಕೋರ್ಟು 2022ರಲ್ಲಿ ಸ್ಪಷ್ಟಪಡಿಸಿತು. ಪ್ರಾಧಿಕಾರವಾದರೂ 19ನೆಯ ಕಲಮಿನಂತೆ ಮೊದಲು ಚಾಲಕನ ಅಹವಾಲನ್ನು ಕೇಳಬೇಕು, ಕಾರಣಗಳನ್ನು ಬರೆದಿಡಬೇಕು. ಆದೇಶ ತಲುಪಿದ ಮೂವತ್ತು ದಿನಗಳೊಳಗೆ ಮೇಲ್ಮನವಿ ಸಲ್ಲಿಸುವ ಹಕ್ಕು ಚಾಲಕನಿಗಿದೆ. ನಮ್ಮ ಶಿಷ್ಯನನ್ನು ಯಾರೂ ಕರೆದು ಕೇಳಿರಲಿಲ್ಲ. ಆದೇಶದಲ್ಲಿ ಕಾರಣವೆಂದು ಇದ್ದುದು ಒಂದೇ ಸಾಲು.

"ಚಿಕ್ಕೋಡಿಗೆ ಹೋಗಿ ಹೊಸಾ ಲೈಸನ್ಸ ತಗಸಿದ್ರ ಆಗೂದಿಲ್ಲೇನ್ರಿ? ಅದು ಕರ್ನಾಟಕ ಅಲ್ಲೇನ್ರಿ?" ಎಂದನು. ಗಡಿಯಲ್ಲಿ ಬಾಳುವವರಿಗೆ ಹೊಳೆಯುವ ಉಪಾಯವೇ ಇದು. ಕಾಗವಾಡದ ನಾಕೆ ದಾಟಿದರೆ ಎಲ್ಲವೂ ಬೇರೆಯೆಂಬ ಭ್ರಮೆ. 23ನೆಯ ಕಲಮಿನಂತೆ ಅನರ್ಹಗೊಂಡವನು ಆ ಅವಧಿಯಲ್ಲಿ ಬೇರೆ ಪರವಾನಗಿಯನ್ನು ಪಡೆಯುವಂತಿಲ್ಲ. ಕಾಯ್ದೆ ಇಡೀ ದೇಶಕ್ಕೆ ಒಂದೇ.

ಕುಡಿದು ಗಾಡಿ ಹತ್ತಿದವನ ಪಕ್ಷ ವಹಿಸುವುದು ಶಿಕ್ಷಕನಿಗೆ ಒಪ್ಪುವುದೇ ಎಂದು ಮನೆಯವರು ನಮ್ಮನ್ನು ಕೇಳದಿರಲಿಲ್ಲ. ಆ ರಸ್ತೆಯಲ್ಲೇ ನಮ್ಮ ಶಾಲೆಯ ಮಕ್ಕಳೂ ನಡೆಯುತ್ತಾರೆ. ಕುಡಿಯಲಿಲ್ಲವೆಂದು ಸುಳ್ಳು ಬರೆಯಕೂಡದೆಂದು ಅವನಿಗೆ ಮೊದಲೇ ಕಟ್ಟುಮಾಡಿದೆವು. ಅಹವಾಲು ಕೇಳದೆ ಆದೇಶವಾಯಿತು, ಪರೀಕ್ಷೆಯ ವರದಿ ಕೊಟ್ಟಿಲ್ಲ ಎಂಬೆರಡೇ ಅಂಶಗಳನ್ನು ವಕೀಲರು ಬರೆದರು. ಇಪ್ಪತ್ತೇಳನೆಯ ದಿನ ಮೇಲ್ಮನವಿ ಸಲ್ಲಿಕೆಯಾಯಿತು.

ಈಗ ಅವನು ಅದೇ ಪೇಟೆಯಲ್ಲಿ ಹಮಾಲಿ ಮಾಡುತ್ತಿದ್ದಾನೆ. ಬರುವ ತಿಂಗಳು ವಿಚಾರಣೆ. ಮರಾಠಿಯನ್ನು ಓದಿ ಹೇಳಲು ನಾವೂ ಜೊತೆಗೆ ಹೋಗುವವರಿದ್ದೇವೆ. 'ಸ್ವಲ್ಪ'ದ ಲೆಕ್ಕವನ್ನು ಅವನೇ ಹೇಳಬೇಕು.