ಎಡಿಟ್ ಮಾಡಿದ ಫೋಟೊದಲ್ಲಿ ಬಿಳಿ ಗೆರೆ ಏಕೆ?

ಪ್ರಶ್ನೆ: ಬಸವಕಲ್ಯಾಣದ 108 ಅಡಿ ಎತ್ತರದ ಬಸವಣ್ಣನ ಪ್ರತಿಮೆಯನ್ನು ಸಂಜೆ ಹೊತ್ತು ಕ್ಲಿಕ್ಕಿಸಿ, ಮೊಬೈಲ್‌ನಲ್ಲೇ ಎಡಿಟ್ ಮಾಡಿದೆ. ಪ್ರತಿಮೆಯ ಸುತ್ತ ಬಿಳಿ ಗೆರೆ, ಆಕಾಶದಲ್ಲಿ ಪಟ್ಟೆಗಳು ಬಂದಿವೆ. ಗೆಳೆಯರೆಲ್ಲ ‘ಸೂಪರ್’ ಎನ್ನುತ್ತಾರೆ. ತಪ್ಪಾಗಿದ್ದೆಲ್ಲಿ?
— ಓದುಗರೊಬ್ಬರು, ಚಿಟಗುಪ್ಪ

ಉತ್ತರ: ಸ್ಲೈಡರನ್ನು ಅತಿಯಾಗಿ ಎಳೆದಿದ್ದೀರಿ. ಸ್ನ್ಯಾಪ್‌ಸೀಡ್‌ನ ‘ಸ್ಟ್ರಕ್ಚರ್’, ಲೈಟ್‌ರೂಮ್‌ನ ‘ಕ್ಲಾರಿಟಿ’ಯಂಥವು ಪ್ರತಿ ಚುಕ್ಕೆಯನ್ನೂ ಅಕ್ಕಪಕ್ಕದ ಚುಕ್ಕೆಗಳ ಜೊತೆ ಹೋಲಿಸಿ, ಕಪ್ಪನ್ನು ಇನ್ನಷ್ಟು ಕಪ್ಪಾಗಿ, ಬೆಳಕನ್ನು ಇನ್ನಷ್ಟು ಬೆಳಕಾಗಿ ಮಾಡುತ್ತವೆ. ಪ್ರತಿಮೆಯ ಭುಜ ಆಕಾಶಕ್ಕೆ ತಾಗುವ ಕಡೆ ಈ ವ್ಯತ್ಯಾಸ ಮಿತಿಮೀರಿ, ಬಿಳಿ ಗೆರೆಯಾಗಿ ಕಾಣುತ್ತದೆ.

ಪಟ್ಟೆಗಳ ಕಥೆ ಬೇರೆ. ಜೆಪೆಗ್ ಫೋಟೊದಲ್ಲಿ ಕೆಂಪು, ಹಸಿರು, ನೀಲಿ ಒಂದೊಂದಕ್ಕೂ 256 ಮಟ್ಟಗಳಷ್ಟೇ. ಸಂಜೆಯ ಆಕಾಶ ಅವುಗಳಲ್ಲಿ ಕೆಲವನ್ನು ಮಾತ್ರ ಬಳಸಿರುತ್ತದೆ. ಕಾಂಟ್ರಾಸ್ಟ್ ಹೆಚ್ಚಿಸಿದಾಗ ಮಟ್ಟಗಳ ನಡುವೆ ಅಂತರ ಬಿದ್ದು, ನುಣ್ಣನೆಯ ಬಣ್ಣ ಮೆಟ್ಟಿಲು ಮೆಟ್ಟಿಲಾಗುತ್ತದೆ. ಅದನ್ನೇ ಮತ್ತೆ ಮತ್ತೆ ಸೇವ್ ಮಾಡಿ, ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೆ ಇನ್ನೂ ಹಾಳು. ಫೋನಿನಲ್ಲಿ ಸೌಲಭ್ಯವಿದ್ದರೆ ಇನ್ನೂ ಹೆಚ್ಚು ಮಟ್ಟಗಳನ್ನು ಉಳಿಸಿಕೊಳ್ಳುವ ‘ರಾ’ ಫೈಲ್ ತೆಗೆಯಿರಿ. ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ.

‘ಸೂಪರ್’ ಎನ್ನುವುದು ಪ್ರೀತಿಯ ಮಾತು, ಆದರೆ ಅದರಿಂದ ಕಲಿಯುವುದು ಏನೂ ಇಲ್ಲ. ‘ಎಡ ಭುಜದ ಹತ್ತಿರ ಗೆರೆ ಕಾಣುತ್ತಿದೆ ನೋಡು’ ಎನ್ನುವ ಗೆಳೆಯ ನಿಮಗೆ ಬೇಕು. ಮೂಲ ಚಿತ್ರವನ್ನೂ ಎಡಿಟ್ ಮಾಡಿದ್ದನ್ನೂ ಪಕ್ಕಪಕ್ಕ ಇಟ್ಟು, ಮೊದಲು ಕಣ್ಣು ಎಲ್ಲಿಗೆ ಹೋಯಿತು ಎಂದು ಕೇಳಿ. ಬಸವಣ್ಣನ ಮುಖ ಬಿಟ್ಟು ಗೆರೆಯತ್ತ ಹೋಯಿತೆಂದರೆ, ಸ್ಲೈಡರನ್ನು ಅರ್ಧಕ್ಕೆ ಇಳಿಸಿ ಮತ್ತೆ ತೋರಿಸಿ.